ನಮ್ಮಾಯಿಗೊಂದು ಪದ

ಕಳೆದ ವಾರ ಗೋಧಿ ಬೀಸಿಸಲು ಡಬ್ಬಿ ತೆಗೆದುಕೊಂಡು ಇಲ್ಲೇ ದಾಂಡೇಲಿಯ ಬಂಗೂರನಗರದ ಗಿರಣಿಗೆ ಹೋಗಿದ್ದೆ. ನನಗಿಂತ ಮುಂಚೆ ಯಾರೋ ಮದುವೆ ಮನೆಯವರು ಅರಿಷಿಣ ಬೀಸಿಸಿಕೊಂಡು ಹೋಗಿದ್ದರು. ಗಿರಣಿಯವನು ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿ ಕಲ್ಲು ಸ್ವಚ್ಛ ಮಾಡಿದೆನೆಂದು ಹೇಳಿದ. ಆದರೂ ಆ ವಾಸನೆ ಹೋಗಿರಲಿಲ್ಲ. ಕಲ್ಲಿನ ಬಿಸಿಗೆ ಏಳುವ ಒಣ ಅರಿಷಿಣದ ವಾಸನೆ, ಮೂಗಿಗೆ ಸ್ವಲ್ಪ ಖಾರ, ಗಂಟಲಿಗೆ ಸ್ವಲ್ಪ ಮಣ್ಣು. ಆ ಹಿಟ್ಟಿನಿಂದ ಮಾಡಿದ ಚಪಾತಿ ಹಳದಿಯಾದವೆಂದು ನೀವು ಮನೆಯವರೆಲ್ಲ ಮುಖ ಸಿಂಡರಿಸಿದಿರಿ. ನಾನು ಒಂದು ಹೆಚ್ಚೇ ತಿಂದೆ.

ಅವತ್ತೇ ಸಂಜೆ ಸುಮಾ ನನ್ನ ಪಕ್ಕದಲ್ಲಿ ಬಂದು ಕೂತಳು. "ಅಜ್ಜಿ, ಕಾಲೇಜಿನ್ಯಾಗ ನಮ್ಮ ನಮ್ಮ ಮನೆತನದ ಮ್ಯಾಲ ಒಂದು ಕವಿತಾ ಬರ್ಕೊಂಡು ಬರ್ರಿ ಅಂದಾರ. ನಮ್ಮ ಮೂಲ ಯಾವುದು? ಏನರೆ ಛಂದಂದು ಹೇಳು" ಅಂದಳು. ನನಗೆ ಬಾಯಿಬಿಟ್ಟು ಹೇಳಲು ಆಗಲಿಲ್ಲ. ನಿಮಗೆ ಗೊತ್ತೇ ಇದೆ, ಎದುರಿಗೆ ಒಬ್ಬರಿದ್ದರೂ ನನ್ನ ಮಾತು ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಸುಮಾ ಕೇಳಿದ ಆ 'ಛಂದಂದು' ಅನ್ನುವ ಮಾತಿನಲ್ಲೇ ನಾನು ಹನ್ನೆರಡನೆಯ ವಯಸ್ಸಿನಲ್ಲಿ ಎಡವಿದ್ದೆ. ಆ ವರ್ಷದ್ದನ್ನೇ ಹೇಳುತ್ತೇನೆ.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಹಳಿಯಾಳದಿಂದ ಎರಡು ಹರದಾರಿ ದೂರದಲ್ಲಿ ನಮ್ಮ ಊರು, ಮೂವತ್ತು ಮನೆ ಇದ್ದವು. ಅಪ್ಪ ಮಳೆಗಾಲದಲ್ಲಿ ಭತ್ತದ ಗದ್ದೆ ಮಾಡುತ್ತಿದ್ದ, ಬೇಸಿಗೆಯಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಕುಳಗಿ ಅಡವಿಯಿಂದ ದಾಂಡೇಲಿಗೆ ಸಾಗವಾನಿ ದಿಮ್ಮಿ ಹೊಡೆಯುತ್ತಿದ್ದ. ಮನೆಯಲ್ಲಿ ಅವ್ವ, ಅಕ್ಕ ಶೇವಂತಿ, ನಾನು, ಮತ್ತೆ ಅಪ್ಪನ ಅವ್ವ. ಅವಳನ್ನು ನಾವು ಆಯಿ ಅನ್ನುತ್ತಿದ್ದೆವು. ಅವಳ ಗಂಡ, ನಮ್ಮ ಮುತ್ಯಾ, ತೀರಿಹೋಗಿ ಆಗಲೇ ಬಹಳ ವರ್ಷವಾಗಿತ್ತು. ನಾನು ಊರ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದ್ದೆ, ಅದರ ಮೇಲೆ ಅಲ್ಲಿ ಇಯತ್ತೆ ಇರಲಿಲ್ಲ. ಅರ್ಧ ತುಂಬಿದ ಒಂದು ನೋಟಬುಕ್ಕು ಮಾತ್ರ ನನ್ನ ಹತ್ತಿರ ಉಳಿದಿತ್ತು.

ಮಾಘದಲ್ಲಿ ಅಕ್ಕನ ಮದುವೆ ಎಂದು ಗೊತ್ತಾಯಿತು. ನಮ್ಮ ಮನೆತನದಲ್ಲಿ ಮದುವೆಗೆ ಐದು ದಿನ ಮುಂಚೆ ಬೀಸುವ ಕಲ್ಲಿಗೆ ಪೂಜೆ ಮಾಡಿ ಅರಿಷಿಣ ಬೀಸುವ ಪದ್ಧತಿ. ಆಗ, ಈ ಮನೆಗೆ ಸೊಸೆಯಾಗಿ ಬಂದ ಒಬ್ಬೊಬ್ಬಳಿಗೂ ಒಂದೊಂದು ಪದ ಹಾಡಬೇಕು. ಎಲ್ಲಿಂದ ಬಂದಳು, ಹೇಗೆ ಬಂದಳು, ಏನು ತಂದಳು, ಇಷ್ಟು ಮೂರು ಸಾಲಿನಲ್ಲಿ ಬರಬೇಕು. ನನ್ನ ಅವ್ವ ಮುಂಡಗೋಡ ಕಡೆಯವಳು. ಅವಳ ಪದ ಹೀಗಿತ್ತು:

ಮುಂಡಗೋಡದ ಕೆರಿಯ ಏರಿ ಮ್ಯಾಗಿನ ಬಂಡಿ
ಗಂಟಿ ನುಡಿಸೂತ ಬಂದೈತಿ, ನಮ ಮನಿಗಿ
ತುಂಬಿದುಡಿಯಾಕಿ ಇಳಿದಾಳ

ಇದನ್ನು ಕಟ್ಟಿದವಳು ನಮ್ಮ ಆಯಿ. ಸೊಸೆಯ ಪದವನ್ನು ಅತ್ತೆ ಕಟ್ಟಬೇಕು, ತನ್ನ ಪದವನ್ನು ತಾನೇ ಕಟ್ಟಿಕೊಳ್ಳುವಂತಿಲ್ಲ. ಹಾಗೆ ಏಳು ಮಂದಿ ಸೊಸೆಯಂದಿರ ಪದ ಇದ್ದವು. ಒಬ್ಬಳಿಗೆ ಮಾತ್ರ ಇರಲಿಲ್ಲ. ಆಯಿಯ ಅತ್ತೆಯ ಪದ ಆದ ಮೇಲೆ ನೆಟ್ಟಗೆ ನನ್ನ ಅವ್ವನ ಪದ ಹಾಡುತ್ತಿದ್ದರು. ನಡುವೆ ಆಯಿ ಈ ಮನೆಗೆ ಬಂದೇ ಇಲ್ಲವೇನೋ ಅನ್ನುವ ಹಾಗೆ. ಯಾಕೆ ಎಂದು ಕೇಳಿದರೆ ಅವ್ವ "ಆಕಿ ಅತ್ತಿ, ನಿಮ್ಮ ಮುತ್ತವ್ವ, ಕಟ್ಟಲಿಲ್ಲ, ಅಷ್ಟ" ಅಂದು ಒಲೆ ಊದತೊಡಗುತ್ತಿದ್ದಳು.

ಆ ವರ್ಷ ಆಶ್ವೀಜದಲ್ಲಿ ಆಯಿಗೆ ಚಳಿಜ್ವರ ಹಿಡಿಯಿತು. ನಮ್ಮ ಕಡೆ ಆಗ ಅದು ಬಾರದ ಮನೆ ಇರಲಿಲ್ಲ. ದಿನ ಬಿಟ್ಟು ದಿನ, ಮಧ್ಯಾಹ್ನ ಬಿಸಿಲು ಅಂಗಳದ ತುಳಸಿಗೆ ಮುಟ್ಟುವ ಹೊತ್ತಿಗೆ ಸರಿಯಾಗಿ ನಡುಕ ಶುರುವಾಗುತ್ತಿತ್ತು. ಮೂರು ಕಂಬಳಿ ಹೊದಿಸಿದರೂ ಸಾಲದು. ನಾನು ಕಂಬಳಿಯ ಮೇಲೆ ಅಡ್ಡ ಬಿದ್ದು ಅವಳನ್ನು ಒತ್ತಿ ಹಿಡಿಯುತ್ತಿದ್ದೆ. ನನ್ನ ಹಲ್ಲೂ ಅವಳ ಜೊತೆ ಕಟಕಟ ಅನ್ನುತ್ತಿದ್ದವು. ಹಳಿಯಾಳದ ದವಾಖಾನೆಯಿಂದ ಅಪ್ಪ ತಂದ ಕ್ವಿನೈನ್ ಗುಳಿಗೆ ನುಂಗಿ ಆಯಿ, "ಇದನ್ನ ಮಾಡಿದಾವ ಯಾವ ಜನ್ಮದಾಗೂ ಬೆಲ್ಲ ತಿಂದಿರಲಿಕ್ಕಿಲ್ಲ" ಅನ್ನುತ್ತಿದ್ದಳು.

ಚಳಿ ಬಿಟ್ಟು ಮೈ ಕಾದಾಗ ಆಯಿ ಬೇರೆ ಮಾತಾಡುತ್ತಿದ್ದಳು. ಮೊದಲ ದಿನ "ಉದಾಕ್, ಉದಾಕ್" ಅಂದಳು. ನನಗೆ ತಿಳಿಯಲಿಲ್ಲ. ಅವ್ವ ಓಡಿ ಬಂದು ನೀರು ಕುಡಿಸಿದಳು. "ಕೊಂಕಣಿ ಅದು. ನೀರು ಕೇಳ್ಯಾಳ" ಅಂದಳು. ಹುಟ್ಟಿದಾಗಿನಿಂದ ಅವಳ ಮಗ್ಗುಲಲ್ಲೇ ಮಲಗುತ್ತಿದ್ದ ನನಗೆ, ಆಯಿಗೆ ಇನ್ನೊಂದು ಮಾತು ಇದೆ ಎನ್ನುವುದೇ ಗೊತ್ತಿರಲಿಲ್ಲ. ಅವಳ ತವರು ಕಾಳಿ ಹೊಳೆಯ ಆಚೆ, ಸೂಪಾ ಅಡವಿಯ ಒಳಗಿನ ಕುಂಬಾರವಾಡ ಎಂದು ಅವತ್ತು ಅವ್ವ ಹೇಳಿದಳು.

ಆಗಲೇ ನನಗೆ ಹಟ ಹುಟ್ಟಿತು. ಆಯಿ ಇನ್ನೊಂದು ಮದುವೆಯವರೆಗೆ ಇರುತ್ತಾಳೋ ಇಲ್ಲವೋ. ನನ್ನ ಮದುವೆಗೆ ಇನ್ನೂ ಎಷ್ಟು ವರ್ಷವೋ. (ಅದರ ಹೊತ್ತಿಗೆ ಆಕೆ ಇರಲಿಲ್ಲ, ಅದು ಬೇರೆ ಮಾತು.) ಈ ಮದುವೆಯಲ್ಲಿ ಅವಳ ಪದ ಹಾಡದಿದ್ದರೆ, ಅವಳು ಜೀವಂತ ಇರುವಾಗ ಅದು ಕಿವಿಗೆ ಬೀಳುವುದೇ ಇಲ್ಲ. ಅತ್ತೆ ಕಟ್ಟದಿದ್ದರೆ ಏನಾಯಿತು, ನಾನು ಕಟ್ಟುತ್ತೇನೆ ಅಂದುಕೊಂಡೆ. ನಾಲ್ಕನೇ ಇಯತ್ತೆ ಓದಿದ ಸೊಕ್ಕು ಅದು.

ಎರಡು ದಿನ ದನದ ಕೊಟ್ಟಿಗೆಯಲ್ಲಿ ಕೂತು ಬರೆದೆ. ಆಯಿಗೆ ಜ್ವರ ಇಲ್ಲದ ಒಂದು ಬೆಳಿಗ್ಗೆ, ಅವಳು ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಾಗ ಓದಿದೆ:

ಮುತ್ತಿನ ತೋರಣದ ಏಳಂತಸ್ತಿನ ಮನಿಯು
ಆನಿ ಬಾಗಿಲದಾಗ ನಿಂತಾವ, ನಮ್ಮಾಯಿ
ಬಂಗಾರ ತುಳಕೂತ ಬಂದಾಳ

ಆಯಿ ಮೊದಲು ನನ್ನ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು ಕೆಮ್ಮು ಬಂದು ಎದೆ ಹಿಡಿದುಕೊಳ್ಳುವ ತನಕ ನಕ್ಕಳು.

"ಯಾರವಾ ಈಕಿ, ಏಳಂತಸ್ತಿನಾಕಿ? ನನ್ನ ಗುರ್ತಿನಾಕಿ ಅಲ್ಲಲ್ಲ!"

"ನೀನ ಆಯಿ."

"ನಮ್ಮ ಮನಿಗೆ ಬಾಗಿಲಾನ ಇರಲಿಲ್ಲ. ಬಿದಿರಿನ ತಟ್ಟಿ ಇತ್ತು. ಆನಿ ಬಂದಿದ್ರ ಕಾಲಿಲೆ ನೂಕಿ ಒಳಗ ಬಂದು ನಮ್ಮಪ್ಪನ ಮಗ್ಗಲಾಗ ಮಲಗತಿತ್ತು."

ನನಗೆ ಅಳು ಬಂತು. ಪದದಲ್ಲಿ ತವರೆಂದರೆ ಮುತ್ತು ರತ್ನ ಇರಬೇಕು ಎಂದು ನಾನು ತಿಳಿದಿದ್ದೆ. ಆಯಿ ನನ್ನನ್ನು ಹತ್ತಿರ ಎಳೆದುಕೊಂಡಳು. ಜ್ವರದಿಂದ ಅವಳ ಕೈ ಕಡ್ಡಿಯಂತಾಗಿತ್ತು. ಅವತ್ತು ಹೇಳಿದಳು, ಮನೆಯಲ್ಲಿ ಯಾರಿಗೂ ಹೇಳದೇ ಇದ್ದದ್ದನ್ನು.

ಅವಳ ಅಪ್ಪ ಅಡವಿಯ ಅಂಚಿನಲ್ಲಿ ಒಂದು ತುಂಡು ಭತ್ತ, ಉಳಿದದ್ದರಲ್ಲಿ ಮುಡ್ಲಿ ಎನ್ನುವ ಗೆಡ್ಡೆ ಬೆಳೆಯುತ್ತಿದ್ದ. ಮುಡ್ಲಿ ಎಂದರೆ ತೋಳಿನಷ್ಟು ದಪ್ಪದ ಗೆಡ್ಡೆ. ಭತ್ತ ಮುಗಿದ ಮೇಲೆ ನಾಲ್ಕು ತಿಂಗಳು ಅದೇ ಊಟ, ಕೆಂಪಿರುವೆ ಚಟ್ನಿಯ ಜೊತೆ. ದಿಮ್ಮಿಯ ಗಾಡಿ ಹೊಡೆಯಲು ಆ ಕಡೆ ಹೋದ ನಮ್ಮ ಮುತ್ಯಾ ಅವರ ಅಂಗಳದಲ್ಲಿ ನೀರು ಕುಡಿದ. ನೀರು ಕೊಟ್ಟ ಹುಡುಗಿಯನ್ನೇ ಮಾಡಿಕೊಳ್ಳುತ್ತೇನೆ ಎಂದು ಮನೆಗೆ ಬಂದು ಕೂತ. ಅವನ ಅವ್ವನಿಗೆ ಒಂದಿಷ್ಟೂ ಮನಸ್ಸಿರಲಿಲ್ಲ. ಆದರೂ ಮದುವೆ ಆಯಿತು.

"ಕಳಿಸೂ ಮುಂದ ಮಗಳ ಉಡಿ ತುಂಬಬೇಕಲ್ಲ? ಅಕ್ಕಿ ಇಲ್ಲ, ಕೊಬ್ಬರಿ ಇಲ್ಲ. ನಮ್ಮವ್ವ ಬಿತ್ತಾಕ ತಗದಿಟ್ಟಿದ್ದ ಸಣ್ಣ ಸಣ್ಣ ಗೆಡ್ಡಿ ಹಾಕಿ ಉಡಿ ತುಂಬಿದಳು" ಅಂದಳು ಆಯಿ.

ಉಡಿ ಎಂದರೆ ಸೀರೆಯ ಸೆರಗನ್ನು ಸೊಂಟಕ್ಕೆ ಕಟ್ಟಿ ಮಾಡುವ ಮಡಿಲು. ಸುಮಾ, ನಿನ್ನ ಅವ್ವನಿಗೂ ತುಂಬಿದ್ದರು, ಐದು ಬಗೆಯ ಹಣ್ಣು ಹಾಕಿ. ಹೊಳೆ ದಾಟಿ ಅಡವಿ ದಾಟಿ ಬಂದ ಆಯಿ, ಇಲ್ಲಿ ಹೊಸ್ತಿಲಲ್ಲಿ ಬಗ್ಗಿ ನಮಸ್ಕಾರ ಮಾಡುವಾಗ ಉಡಿಯ ಗಂಟು ಬಿಚ್ಚಿತು. ಗೆಡ್ಡೆಗಳೆಲ್ಲ ಪಡಸಾಲೆಯ ತುಂಬ ಉರುಳಿದವು. ಕೂಡಿದ ಹೆಂಗಸರೆಲ್ಲ ನಕ್ಕರು. ಮುತ್ಯಾನ ತಂಗಿ ಗೌರವ್ವ ಆಗ ಏಳು ವರ್ಷದವಳು. ಅವಳು ಗೆಡ್ಡೆಗಳ ಹಿಂದೆ ಓಡಾಡಿ ಆರಿಸುತ್ತ, "ವೈನಿ ಹಂದಿ ಮೇವು ತಂದಾಳ, ಹಂದಿ ಮೇವು ತಂದಾಳ" ಎಂದು ಕುಣಿದಳು. ಅತ್ತೆ ಅವತ್ತು ಮುಖ ತಿರುಗಿಸಿದವಳು, ಪದದ ಮಾತನ್ನೇ ಎತ್ತಲಿಲ್ಲ.

"ಗೆಡ್ಡಿ ಏನ ಮಾಡಿದಿ ಆಯಿ?"

"ಏನ ಮಾಡೂದು, ಮರುದಿನ ಹಿತ್ತಲದಾಗ ಹೂಳಿದೆ. ನೀ ತಿಂತೀಯಲ್ಲ, ಅದರ ಮಕ್ಕಳು ಮೊಮ್ಮಕ್ಕಳು ಅವು."

ಆ ಯುದ್ಧದ ವರ್ಷ ಭತ್ತದಲ್ಲಿ ಸರಕಾರಕ್ಕೆ ಕೊಡಬೇಕಾದ ಪಾಲು ಕೊಟ್ಟ ಮೇಲೆ ಕಣಜದಲ್ಲಿ ಉಳಿದದ್ದು ಶ್ರಾವಣಕ್ಕೇ ಮುಗಿದಿತ್ತು. ಹೊಸ ಭತ್ತ ಬರುವ ತನಕ ಆ ಹಿತ್ತಿಲ ಗೆಡ್ಡೆಯನ್ನೇ ಬೇಯಿಸಿ, ಸುಟ್ಟು, ಹುಣಸೆಹುಳಿ ಹಾಕಿ ಪಲ್ಯ ಮಾಡಿ ತಿಂದಿದ್ದೆವು. ಗೌರವ್ವನ ಮನೆಯಿಂದಲೂ ಆ ಗೆಡ್ಡೆ ಒಯ್ಯಲು ಖಾಲಿ ಬುಟ್ಟಿ ಬರುತ್ತಿತ್ತು. ಅವಳನ್ನು ನಾವು ಗೌರತ್ತಿ ಎಂದು ಕರೆಯುತ್ತಿದ್ದೆವು. ಅದೇ ಊರಿನಲ್ಲಿ ಕೊಟ್ಟಿದ್ದರು. ಐವತ್ತು ದಾಟಿದ, ಗಟ್ಟಿ ದನಿಯ, ಹಣೆಯಲ್ಲಿ ರೂಪಾಯಿಯಗಲ ಕುಂಕುಮದ ಮುತ್ತೈದೆ. ಊರಿನ ಯಾವ ಮದುವೆಯಲ್ಲೂ ಕಲ್ಲಿನ ಮುಂದೆ ಕೂತು ಪದ ಹಿಡಿಯುವವಳು ಅವಳೇ. ನಮ್ಮ ಮನೆಯ ಪದಗಳೂ ಅವಳ ಬಾಯಿಯಲ್ಲೇ ಇದ್ದವು.

ಆಯಿಯ ಮಾತು ಕೇಳಿ ನಾನು ನೋಟಬುಕ್ಕಿನ ಆ ಹಾಳೆ ಹರಿದು ಒಲೆಗೆ ಹಾಕಿದೆ. ಹೊಸದು ಬರೆದು ಓದಿ ತೋರಿಸಿದೆ. ಈ ಸಲ ಅವಳು ನಗಲಿಲ್ಲ. ಕೈಯಲ್ಲಿದ್ದ ಅಡಿಕೆಹೋಳನ್ನು ಕೆಳಗಿಟ್ಟಳು.

"ಇದನ್ನ ಹಾಡಬ್ಯಾಡವಾ. ಆವಾಗ ನಕ್ಕವರು ಭಾಳ ಮಂದಿ ಸತ್ತಾರ. ಉಳದವರು ಮರ್ತಾರ. ನೀ ಮತ್ತ ಆ ಗಂಟು ಬಿಚ್ಚಬ್ಯಾಡ."

ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಮಾತಾಡದವರಿಗೆ ಇದೊಂದು ಅನುಕೂಲ.

ಮಾರ್ಗಶಿರದಲ್ಲಿ ಭತ್ತ ಕೊಯ್ದೆವು. ಆಯಿಯ ಜ್ವರ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಪ್ರತಿ ಸಲ ಎದ್ದಾಗ ಸ್ವಲ್ಪ ಸಣ್ಣಗಾಗಿ ಏಳುತ್ತಿದ್ದಳು. ಕೊಯ್ಲಿನಲ್ಲಿ, ಕಣದಲ್ಲಿ, ಎತ್ತಿಗೆ ಹುಲ್ಲು ಹಾಕುವಾಗ ನಾನು ಆ ಮೂರು ಸಾಲುಗಳನ್ನು ಬಾಯೊಳಗೇ ತಿರುವುತ್ತಿದ್ದೆ. ಹಾಡಿದರೆ ಆಯಿಯ ಮಾನ ಹೋಗುತ್ತದೆ. ಹಾಡದಿದ್ದರೆ ಆಯಿಯೇ ಹೋಗುತ್ತಾಳೆ, ಈ ಮನೆಯ ಲೆಕ್ಕಕ್ಕೆ ಸಿಗದೆ. ಅವ್ವನಿಗೆ ಹೇಳಿದರೆ, "ಗೌರತ್ತಿ ಬಾಯಿ ಗೊತ್ತಿಲ್ಲೇನ ನಿನಗ? ಮದುವಿ ಮನ್ಯಾಗ ಜಗಳಾ ತರಬ್ಯಾಡ ನಮ್ಮವ್ವ" ಅಂದಳು. ಅಪ್ಪ ಗಾಡಿಯ ಗಾಲಿಗೆ ಎಣ್ಣೆ ಹಾಕುತ್ತಿದ್ದವನು ತಲೆ ಎತ್ತದೆ, "ಹಾಡಿದ್ರ ಹಾಡ್ಲಿ ಬಿಡ. ಬಾಯಿ ಬಂದ್ರ ತಾನ?" ಅಂದ.

ಅಪ್ಪನ ಮಾತು ಸರಿಯೇ ಇತ್ತು. ನನಗೆ ಬಾಯಿ ಬರಬೇಕಲ್ಲ.

ಅರಿಷಿಣ ಬೀಸುವ ದಿನ ಬಂತು. ಪಡಸಾಲೆಯಲ್ಲಿ ಕಲ್ಲು ತೊಳೆದು, ಗೂಟಕ್ಕೆ ಹಸಿರು ಖಣ, ಅಡಿಕೆ, ಅರಿಷಿಣ ಕೊಂಬು ಕಟ್ಟಿದ್ದರು. ಊರಿನ ಹೆಂಗಸರೆಲ್ಲ ಗೋಡೆಗುಂಟ ಕೂತಿದ್ದರು. ಗಂಡ ಇಲ್ಲದವರು ಆ ದಿನ ಕಲ್ಲಿನ ಹತ್ತಿರ ಬರುವಂತಿರಲಿಲ್ಲ. ಆಯಿ ಹಿತ್ತಿಲಲ್ಲಿ ದೊಡ್ಡ ಹಂಡೆಯ ಮುಂದೆ ಕೂತು ನೀರಿಗೆ ಉರಿ ಹಾಕುತ್ತಿದ್ದಳು. ಪಡಸಾಲೆಗೂ ಹಿತ್ತಿಲಿಗೂ ನಡುವೆ ಒಂದು ಮಣ್ಣಿನ ಗೋಡೆ, ಒಂದು ಬೆಳಕಿಂಡಿ.

ಬೀಸುವುದು ಹೀಗೆ: ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿಯುತ್ತಾರೆ. ಒಬ್ಬಳು ಸಾಲು ಎತ್ತಬೇಕು, ಎದುರಿನವಳು ಅದೇ ಸಾಲನ್ನು ತಿರುಗಿ ಹೇಳಬೇಕು. ಹಾಕಿದ ಅರಿಷಿಣ ಮುಗಿಯುವ ತನಕ ಕಲ್ಲು ನಿಲ್ಲಬಾರದು. ಎತ್ತಿದ ಸಾಲನ್ನು ತಿರುಗಿ ಹೇಳದೆ ಬಿಡಬಾರದು. ಬಿಟ್ಟರೆ ಮದುಮಗಳಿಗೆ ಒಳ್ಳೆಯದಲ್ಲ ಎಂದು ನಂಬಿಕೆ. ಕೊನೆಯ ಹಿಡಿ ಅರಿಷಿಣಕ್ಕೆ ಮಾತ್ರ ಮದುಮಗಳ ತಂಗಿ ಗೂಟ ಹಿಡಿದು ಸಾಲು ಎತ್ತಬೇಕು.

ಏಳು ಪದವೂ ಆದವು. ಮತ್ತೆ ಆಯಿಯ ಅತ್ತೆಯಿಂದ ನೆಟ್ಟಗೆ ಅವ್ವನಿಗೆ ಜಿಗಿದರು. ಗೌರತ್ತಿ ಬೆವರು ಒರೆಸಿಕೊಂಡು ನನ್ನನ್ನು ಕರೆದಳು.

"ಬಾರ ಇಲ್ಲಿ, ಸಾಲಿ ಕಲ್ತಾಕಿ! ಇಷ್ಟ ದಿನಾ ಬುಕ್ಕದಾಗ ಏನ ಗೀಚೀದಿ ನೋಡೂಣು. ಒಂದು ಪದಾ ಎತ್ತು. ಬರದಿದ್ರ ಅ ಆ ಇ ಈ ನ ಹೇಳು, ನಾ ತಿರುಗಿ ಹೇಳತೇನಿ!"

ಎಲ್ಲರೂ ನಕ್ಕರು. ಅಕ್ಕ ಕಣ್ಣಿನಲ್ಲೇ 'ಹೇಳು' ಅಂದಳು. ನಾನು ಹೋಗಿ ಗೂಟ ಹಿಡಿದೆ. ಅದು ಇಷ್ಟು ಮಂದಿಯ ಕೈಯ ಬೆವರಿಗೆ ಬೆಚ್ಚಗಾಗಿತ್ತು. ಅವ್ವ ಕಲ್ಲಿನ ಬಾಯಿಗೆ ಕೊನೆಯ ಹಿಡಿ ಹಾಕಿದಳು. ಕಲ್ಲು ತಿರುಗಿತು. ಒಂದು ಸುತ್ತು, ಐದು ಸುತ್ತು, ಹತ್ತು ಸುತ್ತು. ನನ್ನ ಗಂಟಲಿನಿಂದ ಏನೂ ಬರಲಿಲ್ಲ. ಹಳದಿ ಹಿಟ್ಟು ಸುತ್ತಲೂ ಬೀಳುತ್ತಿತ್ತು. ಇನ್ನು ಸ್ವಲ್ಪವೇ ಉಳಿದಿತ್ತು. ಇದು ಮುಗಿದರೆ ಮುಗಿಯಿತು ಎಂದು ಕಣ್ಣು ಮುಚ್ಚಿಕೊಂಡೆ. ಹಾಡುವುದು ಆಗಲಿಲ್ಲ. ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ, ರಾಗ ಇಲ್ಲದೆ ಹೇಳಿದೆ:

"ಬಿದಿರ ತಟ್ಟಿಯ ಮನಿಯ ಕುಂಬಾರವಾಡದ ಮಗಳು."

ಗೌರತ್ತಿಯ ಬಾಯಿಗೆ ನಲವತ್ತು ವರ್ಷದ ರೂಢಿ. ಏನು ಹೇಳುತ್ತಿದ್ದೇನೆ ಎನ್ನುವುದು ತಲೆಗೆ ಹೋಗುವ ಮುಂಚೆಯೇ ಅದನ್ನು ರಾಗವಾಗಿ ತಿರುಗಿ ಹಾಡಿಬಿಟ್ಟಳು. ಆ ರಾಗ ಕೇಳಿ ನನಗೆ ಸ್ವಲ್ಪ ಜೀವ ಬಂತು. ಎರಡನೆಯದನ್ನು ಹಾಡಿದೆ:

"ಎರಡು ಹೊಳಿ ದಾಟಿ ಬಂದಾಳ, ನಮ್ಮಾಯಿ"

ಇದನ್ನೂ ತಿರುಗಿ ಹೇಳಿದಳು, ಆದರೆ ನಿಧಾನವಾಗಿ, ನನ್ನನ್ನು ನೋಡುತ್ತ. ನಾನು ಮೂರನೆಯದನ್ನು ಹೇಳಿದೆ:

"ಉಡಿಯಾಗ ಗೆಡ್ಡಿ ತಂದಾಳ."

ಗೌರತ್ತಿಯ ಬಾಯಿ ನಿಂತಿತು. ಕೈ ನಿಲ್ಲಿಸುವ ಹಾಗಿರಲಿಲ್ಲ, ಕಲ್ಲು ತಿರುಗುತ್ತಲೇ ಇತ್ತು. ಅವಳ ಮುಖ ನೋಡಲು ನನಗೆ ಧೈರ್ಯ ಇರಲಿಲ್ಲ. ಗೂಟದ ಮೇಲೆ ನನ್ನ ಕೈಯ ಪಕ್ಕದಲ್ಲಿದ್ದ ಅವಳ ಕೈಯನ್ನೇ ನೋಡುತ್ತಿದ್ದೆ. ಬಳೆಗಳು ಮಾತ್ರ ಸದ್ದು ಮಾಡುತ್ತಿದ್ದವು. ಯಾರೋ ಮುದುಕಿ "ಸಾಲು ಬಿಡಬ್ಯಾಡ ಗೌರವ್ವ" ಎಂದು ಮೆಲ್ಲಗೆ ಅಂದಳು. ಆಯಿ ಬೇಡವೆಂದಿದ್ದನ್ನು ನಾನು ಮಾಡಿಯಾಗಿತ್ತು, ಅದೂ ಅರ್ಧಕ್ಕೆ ನಿಂತಿತ್ತು. ಹಿಟ್ಟು ಉದುರುವುದು ತೆಳುವಾಗುತ್ತ ಬಂತು.

ಆಗ ಹಿತ್ತಿಲಿನಿಂದ, ಬೆಳಕಿಂಡಿಯ ಆಚೆಯಿಂದ, ಜ್ವರದಿಂದ ಒಡೆದ ದನಿ ಬಂತು.

"ಎರಡಲ್ಲವಾ! ಮೂರು ಹೊಳಿ!"

ಎಲ್ಲರೂ ಆ ಕಡೆ ತಿರುಗಿದರು. ಎಷ್ಟು ಹೊಳೆ ಎಂದು ಆಯಿ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಂದಾಜಿನ ಮೇಲೆ ಹಾಕಿದ್ದೆ.

"ಎರಡು ಸಣ್ಣವು, ಆಮ್ಯಾಲ ಕಾಳಿ" ಎಂದಳು ಆಯಿ, ಕೆಮ್ಮುತ್ತ. "ಕಾಳಿಯೊಳಗ ನಡಾ ಮಟ ನೀರಿತ್ತು. ಉಡಿ ತೋಯಿಸಿದ್ರ ಬೀಜದ ಗೆಡ್ಡಿ ಕೊಳಿತಾವಂತ ಗಂಟ ತಲಿ ಮ್ಯಾಲ ಇಟಗೊಂಡು ದಾಟೇನಿ. ಹಾಡೂದಾದ್ರ ಸರಿಯಾಗಿ ಹಾಡ್ರಿ!"

ಅವ್ವ ಓಡಿ ಬಂದು ಇನ್ನೊಂದು ಹಿಡಿ ಅರಿಷಿಣವನ್ನು ಕಲ್ಲಿನ ಬಾಯಿಗೆ ಸುರಿದಳು. ಕೊನೆಯ ಹಿಡಿಯ ಮೇಲೆ ಇನ್ನೊಂದು ಹಿಡಿ ಹಾಕಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಗೌರತ್ತಿ ಬೆಳಕಿಂಡಿಯನ್ನು ನೋಡಿದಳು, ಆಮೇಲೆ ನನ್ನನ್ನು.

"ಕೇಳಿದಿ ಇಲ್ಲೋ? ಮೂರಂತ. ಸಾಲಿ ಕಲ್ತಾಕಿಗೆ ಎಣಸಾಕ ಬರಂಗಿಲ್ಲ" ಅಂದಳು. ಗಂಟಲು ಸರಿಮಾಡಿಕೊಂಡಳು. "ಹೂಂ, ಮೊದಲಿಂದ ಎತ್ತು."

ಮೊದಲಿನಿಂದ ಎತ್ತಿದೆ. ಬಿದಿರ ತಟ್ಟಿಯನ್ನು ತಿರುಗಿ ಹೇಳಿದಳು. ಮೂರು ಹೊಳೆಯನ್ನು ತಿರುಗಿ ಹೇಳಿದಳು. ಗೆಡ್ಡಿಯ ಸಾಲು ಬಂದಾಗ ಮುಖವನ್ನು ಹಿತ್ತಿಲ ಕಡೆಗೆ ತಿರುಗಿಸಿ, ಅಲ್ಲಿಯ ತನಕ ಮುಟ್ಟುವ ಹಾಗೆ ದನಿ ಏರಿಸಿ ಹಾಡಿದಳು. ಒಂದು ಸಲ ಹೇಳಿದರೆ ಸಾಕಿತ್ತು. ಗೌರತ್ತಿ ಅದನ್ನು ಎರಡು ಸಲ ಹೇಳಿದಳು.